ರತ್ನಗಂಬಳಿಯ ಕೊಳೆ, ಕಾಯಕದ ಕಳೆ

ಶರಣರ ಕಲ್ಯಾಣದಲ್ಲಿ ಕೊಳೆ ತೆಗೆಯುವ ಕೆಲಸಕ್ಕೆ ದೊರೆತಷ್ಟು ಗೌರವ ಅದಕ್ಕೆ ಹಿಂದೆ ದೊರೆತಿರಲಿಲ್ಲ. ದೇವರ ಹಿಪ್ಪರಗಿಯಿಂದ ಬಂದ ಮಡಿವಾಳ ಮಾಚಿದೇವರು ಬಟ್ಟೆ ಒಗೆಯುವ ಕಾಯಕವನ್ನೇ ಶಿವಪೂಜೆಯಾಗಿ ಕಂಡವರು. ದುಡಿದು ಉಣ್ಣುವವರ ಬಟ್ಟೆಯನ್ನಲ್ಲದೆ ಸೋಮಾರಿಯ ಬಟ್ಟೆಯನ್ನು ಅವರು ಮುಟ್ಟುತ್ತಿರಲಿಲ್ಲವೆಂದು ಪರಂಪರೆ ಹೇಳುತ್ತದೆ. ಶಿವಭಕ್ತರ ಮನೆಯಂಗಳವನ್ನು ಗುಡಿಸುವುದೇ ಸತ್ಯಕ್ಕನ ಕಾಯಕವಾಗಿತ್ತು. ಒಗೆಯುವ ಕೈ, ಗುಡಿಸುವ ಕೈ ಎರಡೂ ಅನುಭವಮಂಟಪದ ನೆನಪಿನಲ್ಲಿ ಎಂದೂ ಕೀಳಾಗಲಿಲ್ಲ.

ಇಂದು ನಮ್ಮ ಮನೆಗಳ ನೆಲ ಬದಲಾಗಿದೆ. ಸಗಣಿ ಸಾರಿಸಿದ ನೆಲದ ಮೇಲೆ ಕಂಬಳಿ ಹಾಸುತ್ತಿದ್ದ ಕಾಲ ಹೋಗಿ, ಅನೇಕ ಮನೆಗಳ ಪಡಸಾಲೆಗೂ ಕಲ್ಯಾಣ ಮಂಟಪಗಳಿಗೂ ಮಠಗಳ ಪ್ರಾರ್ಥನಾ ಮಂದಿರಗಳಿಗೂ ರತ್ನಗಂಬಳಿ ಬಂದಿದೆ. ಗೃಹಪ್ರವೇಶ, ಮದುವೆ, ಜಂಗಮರ ಪಾದಪೂಜೆಗಳ ಮುನ್ನ ಅದನ್ನು ಶುಚಿಗೊಳಿಸಲು ಯಂತ್ರದೊಡನೆ ಕೆಲಸಗಾರರು ಬರುತ್ತಾರೆ. ಮನೆಯವರ ಕಣ್ಣೆಲ್ಲ ಆ ಯಂತ್ರದ ಮೇಲೆ. ಆದರೆ ಈ ವೃತ್ತಿಯ ಮರ್ಮವಿರುವುದು ಯಂತ್ರ ಮೊರೆಯುವ ಮೊದಲು ಸದ್ದಿಲ್ಲದೆ ನಡೆಯುವ ಒಂದು ಕೆಲಸದಲ್ಲಿ. ಕಂಬಳಿಯ ಮೇಲೆ ಒಂದು ದ್ರಾವಣವನ್ನು ಸಿಂಪಡಿಸಿ, ಅದು ಕೊಳೆಯನ್ನು ಸಡಿಲಿಸುವವರೆಗೆ ಕಾಯಬೇಕು. ಇದಕ್ಕೆ ವೃತ್ತಿಯವರು ‘ಪ್ರೀ-ಸ್ಪ್ರೇ’ ಎನ್ನುತ್ತಾರೆ. ಅದರ ಕ್ರಮವನ್ನು ಮನೆಯವರು ತಿಳಿದಿರುವುದು ಹಲವು ದೃಷ್ಟಿಯಿಂದ ಅಗತ್ಯ.

ಕೊಳೆಯ ಸ್ವರೂಪ

ರತ್ನಗಂಬಳಿಯಲ್ಲಿ ಸೇರುವ ಕೊಳೆಯಲ್ಲಿ ಹೆಚ್ಚಿನ ಪಾಲು ಒಣಗಿದ ಧೂಳು, ಮರಳು, ನೂಲಿನ ಚೂರು. ಇದು ಅಂಟಿಕೊಂಡದ್ದಲ್ಲ, ಎಳೆಗಳ ನಡುವೆ ಇಳಿದು ಕುಳಿತದ್ದು. ಮರಳಿನ ಕಣಗಳು ಹರಿತವಾಗಿದ್ದು, ಕಾಲಿಟ್ಟಾಗಲೆಲ್ಲ ಎಳೆಯ ಬುಡವನ್ನು ತೇಯುತ್ತವೆ. ಉಳಿದ ಪಾಲು ಜಿಡ್ಡು. ಅಂಗಾಲಿನ ಬೆವರು, ತಲೆಗೆ ಹಚ್ಚಿದ ಎಣ್ಣೆ, ಅಡುಗೆಮನೆಯ ಒಗ್ಗರಣೆಯ ಹೊಗೆ ಇವೆಲ್ಲ ಎಳೆಯ ಮೇಲೆ ತೆಳುವಾದ ಪದರವಾಗಿ ಕೂತು ಧೂಳನ್ನು ಹಿಡಿದಿಡುತ್ತವೆ.

ಆದುದರಿಂದ ಮೊದಲ ಹೆಜ್ಜೆ ನೀರಲ್ಲ. ಒಣಗಿದ್ದಾಗಲೇ ಧೂಳು ತೆಗೆಯುವುದು. ನಿರ್ವಾತ ಯಂತ್ರದಿಂದ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ನಿಧಾನವಾಗಿ ಧೂಳನ್ನು ಎಳೆಯಬೇಕು. ಇದನ್ನು ಬಿಟ್ಟು ದ್ರಾವಣ ಸಿಂಪಡಿಸಿದರೆ ಧೂಳು ಕೆಸರಾಗಿ ಬುಡಕ್ಕಿಳಿಯುತ್ತದೆ. ಆಮೇಲೆ ಯಾವ ಯಂತ್ರಕ್ಕೂ ಅದು ಪೂರ್ತಿ ದಕ್ಕದು. ಧೂಳು ಹೋದ ನಂತರ ಉಳಿಯುವ ಜಿಡ್ಡಿಗಾಗಿಯೇ ಸಿಂಪಡಿಸುವ ದ್ರಾವಣವಿರುವುದು.

ಉಬ್ಬೆಯ ಹಳೆಯ ವಿದ್ಯೆ

ಈ ವಿಧಾನ ಹೊಸದೆಂದು ತೋರಿದರೂ ಅದರ ತತ್ತ್ವ ನಮ್ಮ ಮಡಿವಾಳರಿಗೆ ಹೊಸದಲ್ಲ. ಅವರು ಬಟ್ಟೆಯನ್ನು ಹಳ್ಳಕ್ಕೆ ಒಯ್ದು ನೇರವಾಗಿ ಕಲ್ಲಿಗೆ ಬಡಿಯುತ್ತಿರಲಿಲ್ಲ. ಸವಳು ಮಣ್ಣಿನ ನೀರಿನಲ್ಲಿ ಅದ್ದಿ, ಉಬ್ಬೆಗೆ ಹಾಕಿ, ಆವಿಯಲ್ಲಿ ಹೊತ್ತು ಕಾಯಿಸಿ ಆಮೇಲೆ ಬಡಿದು ಜಾಲಿಸುತ್ತಿದ್ದರು. ಸವಳಿನಲ್ಲಿರುವ ಸೋಡಾ ಕ್ಷಾರವು ಜಿಡ್ಡನ್ನು ಸಾಬೂನಿನಂತೆ ಮಾರ್ಪಡಿಸುತ್ತದೆ, ಉಬ್ಬೆಯ ಕಾವು ಅದಕ್ಕೆ ವೇಗ ಕೊಡುತ್ತದೆ, ಕಲ್ಲಿನ ಪೆಟ್ಟು ಸಡಿಲವಾದುದನ್ನು ಹೊರಹಾಕುತ್ತದೆ.

ಜರ್ಮನಿಯ ಹರ್ಬರ್ಟ್ ಸಿನ್ನರ್ 1959ರಲ್ಲಿ ಇದನ್ನೇ ಒಂದು ವೃತ್ತದ ರೂಪದಲ್ಲಿ ವಿವರಿಸಿದರು. ಶುಚಿಗೊಳಿಸುವ ಕ್ರಿಯೆಗೆ ನಾಲ್ಕು ಅಂಗಗಳು: ರಾಸಾಯನಿಕ, ಕಾವು, ಉಜ್ಜುವಿಕೆ, ಕಾಲ. ಒಂದನ್ನು ಕಡಿಮೆ ಮಾಡಿದರೆ ಉಳಿದವುಗಳನ್ನು ಹೆಚ್ಚಿಸಬೇಕು. ರತ್ನಗಂಬಳಿಯನ್ನು ಕಲ್ಲಿಗೆ ಬಡಿಯುವಂತಿಲ್ಲ, ಉಬ್ಬೆಗೆ ಹಾಕುವಂತಿಲ್ಲ. ಆದ್ದರಿಂದ ಅಲ್ಲಿ ಕಾಲದ ಪಾತ್ರ ಹಿರಿದು. ಕಾಯುವ ಹೊತ್ತನ್ನು ಕಡಿಮೆ ಮಾಡಿದವರು ಅದನ್ನು ತುಂಬಲು ರಾಸಾಯನಿಕವನ್ನು ಹೆಚ್ಚಿಸುತ್ತಾರೆ. ಹಾನಿ ಆರಂಭವಾಗುವುದು ಅಲ್ಲಿಂದಲೇ.

ದ್ರಾವಣದಲ್ಲಿನ ಮುಖ್ಯ ಅಂಶ ಮಾರ್ಜಕ. ಅದರ ಕಣದ ಒಂದು ತುದಿ ನೀರನ್ನು ಬಯಸುತ್ತದೆ, ಇನ್ನೊಂದು ತುದಿ ಎಣ್ಣೆಯನ್ನು ಬಯಸುತ್ತದೆ. ಎಣ್ಣೆ ಬಯಸುವ ತುದಿಗಳು ಜಿಡ್ಡಿನೊಳಗೆ ನೆಟ್ಟುಕೊಂಡು ಅದನ್ನು ಎಳೆಯಿಂದ ಮೆಲ್ಲನೆ ಎಬ್ಬಿಸುತ್ತವೆ. ನಮ್ಮ ಅಜ್ಜಿಯರು ಇಳಕಲ್ ಸೀರೆ ಒಗೆಯಲು ಬಳಸುತ್ತಿದ್ದ ಅಂಟುವಾಳಕಾಯಿಯ ನೊರೆ ಮಾಡುವುದೂ ಇದೇ ಕೆಲಸವನ್ನು.

ನೂಲು ತಿಳಿಯದೆ ನೀರು ಬೇಡ

ಎಲ್ಲ ನೆಲಹಾಸಿಗೂ ಒಂದೇ ದ್ರಾವಣ ಸಲ್ಲದು. ನೈಲಾನ್, ಪಾಲಿಯೆಸ್ಟರ್ ಮೊದಲಾದ ಕೃತಕ ನೂಲುಗಳು ಕ್ಷಾರವನ್ನು ತಕ್ಕಮಟ್ಟಿಗೆ ತಾಳುತ್ತವೆ. ಆಮ್ಲ–ಕ್ಷಾರಗಳ ಅಳತೆಯಲ್ಲಿ 7 ಎಂಬುದು ಸಮಸ್ಥಿತಿ. ಅವುಗಳಿಗೆ ಬಳಸುವ ದ್ರಾವಣ ಸಾಮಾನ್ಯವಾಗಿ 8ರಿಂದ 10ರ ಆಸುಪಾಸಿನಲ್ಲಿರುತ್ತದೆ. ಆದರೆ ಉಣ್ಣೆ ನಮ್ಮ ಕೂದಲಿನಂತೆಯೇ ಪ್ರೋಟೀನಿನಿಂದ ಆದದ್ದು. ಬಲವಾದ ಕ್ಷಾರ ಅದನ್ನು ಬಿರುಸಾಗಿಸಿ, ಹಳದಿಯಾಗಿಸಿ, ಕೊನೆಗೆ ಕರಗಿಸಿಬಿಡುತ್ತದೆ. ಭದೋಹಿ, ಮಿರ್ಜಾಪುರ, ಕಾಶ್ಮೀರಗಳಿಂದ ಬರುವ ಉಣ್ಣೆಯ ಕಂಬಳಿಗಳಿಗೆ ಸಮಸ್ಥಿತಿಗೆ ಹತ್ತಿರವಿರುವ ಸೌಮ್ಯ ದ್ರಾವಣವೇ ಬೇಕು. ಬಿಳುಪುಕಾರಕ ಕ್ಲೋರಿನ್ ಅಂತೂ ಉಣ್ಣೆಯ ಬಳಿಗೆ ಸುಳಿಯಬಾರದು.

ಇದನ್ನು ತಿಳಿಯುವ ಸುಲಭ ಪರೀಕ್ಷೆಯೊಂದಿದೆ. ಕಂಬಳಿಯ ಮೂಲೆಯಿಂದ ಒಂದೆರಡು ಎಳೆ ಕಿತ್ತು, ಮನೆಯ ಹೊರಗೆ ಚಿಮುಟದಲ್ಲಿ ಹಿಡಿದು ಸುಡಬೇಕು. ಕೂದಲು ಸುಟ್ಟ ವಾಸನೆ ಬಂದು ಬೂದಿ ಬೆರಳಲ್ಲಿ ಪುಡಿಯಾದರೆ ಅದು ಉಣ್ಣೆ ಅಥವಾ ರೇಷ್ಮೆ. ಕರಗಿ ಗಟ್ಟಿ ಗುಂಡಾದರೆ ಕೃತಕ ನೂಲು. ಕಾಗದ ಸುಟ್ಟಂತೆ ಉರಿದರೆ ಹತ್ತಿ.

ಹತ್ತಿಯ ನವಲಗುಂದ ಜಮಖಾನೆಯ ಮಾತೇ ಬೇರೆ. ಭೌಗೋಳಿಕ ಸೂಚ್ಯಂಕ ಪಡೆದಿರುವ ಈ ಜಮಖಾನೆಯನ್ನು ಹೆಣ್ಣುಮಕ್ಕಳು ಕೈಮಗ್ಗದಲ್ಲಿ ನೇಯುತ್ತಾರೆ. ಅದರ ನವಿಲು, ಪಗಡೆ ಹಾಸುಗಳ ಗಾಢ ಬಣ್ಣವೇ ಅದರ ಜೀವ. ಬಣ್ಣ ಬಿಡುವುದೋ ಇಲ್ಲವೋ ಎಂದು ನೋಡದೆ ಅದರ ಮೇಲೆ ದ್ರಾವಣ ಸಿಂಪಡಿಸಬಾರದು. ಯಾವ ಹಾಸಾದರೂ ಕಾಣದ ಮೂಲೆಯಲ್ಲಿ ತುಸು ದ್ರಾವಣ ಹಾಕಿ, ಕೆಲವು ನಿಮಿಷ ಬಿಟ್ಟು, ಬಿಳಿ ಬಟ್ಟೆಯನ್ನು ಒತ್ತಿ ನೋಡಬೇಕು. ಬಟ್ಟೆಗೆ ಬಣ್ಣ ಹತ್ತಿದರೆ ಅಲ್ಲಿಗೇ ನಿಲ್ಲಿಸಬೇಕು.

ಸಿಂಪಡಿಸುವ ಕ್ರಮ

ದ್ರಾವಣವನ್ನು ಡಬ್ಬಿಯ ಮೇಲೆ ತಯಾರಕರು ಬರೆದ ಪ್ರಮಾಣದಲ್ಲಿಯೇ ನೀರಿಗೆ ಬೆರೆಸಬೇಕು. ಎರಡು ಪಟ್ಟು ಹಾಕಿದರೆ ಎರಡು ಪಟ್ಟು ಶುಚಿಯಾಗುವುದಿಲ್ಲ. ಹೆಚ್ಚಾದ ಮಾರ್ಜಕ ಎಳೆಗಳಲ್ಲಿ ಅಂಟಾಗಿ ಉಳಿದು, ತೊಳೆದ ಸ್ವಲ್ಪ ದಿನಗಳಲ್ಲೇ ಮತ್ತೆ ಧೂಳನ್ನು ಸೆಳೆಯುತ್ತದೆ. ‘ತೊಳೆಸಿದ ಮೇಲೆ ಕಂಬಳಿ ಬೇಗ ಕೊಳೆಯಾಗುತ್ತದೆ’ ಎಂಬ ಹಲವರ ದೂರಿಗೆ ಕಾರಣ ಬಹುಪಾಲು ಇದೇ.

ಸಿಂಪಡಿಸುವ ಪಂಪಿನ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಹೊಲಕ್ಕೆ ಔಷಧಿ ಹೊಡೆದ ಪಂಪನ್ನು ಎಷ್ಟು ತೊಳೆದರೂ ಈ ಕೆಲಸಕ್ಕೆ ಬಳಸಕೂಡದು. ಕೀಟನಾಶಕದ ಶೇಷ ಎಳೆಗೂಸು ಅಂಬೆಗಾಲಿಡುವ ಜಾಗಕ್ಕೆ ಬರಬಾರದು.

ದ್ರಾವಣವನ್ನು ಸಮನಾಗಿ, ಹನಿಹನಿಯಾಗಿ ಬೀಳುವಂತೆ ಸಿಂಪಡಿಸಬೇಕು. ಕಂಬಳಿ ತೇವವಾಗಬೇಕೇ ಹೊರತು ತೊಯ್ದು ತೊಪ್ಪೆಯಾಗಬಾರದು. ಬೆನ್ನಿನಲ್ಲಿ ಸೆಣಬು ಇರುವ ಕಂಬಳಿ ಅತಿಯಾಗಿ ನೆನೆದರೆ ಒಣಗುವಾಗ ಕಂದು ಬಣ್ಣ ಮೇಲಕ್ಕೆ ಏರಿ ಕಲೆಯಾಗುತ್ತದೆ. ಬಾಗಿಲ ಬಳಿ, ಆಸನಗಳ ಮುಂದೆ, ಜನ ಹೆಚ್ಚು ಓಡಾಡುವ ಜಾಡಿನಲ್ಲಿ ಮೊದಲು ಸಿಂಪಡಿಸಿದರೆ ಅಲ್ಲಿನ ಕೊಳೆಗೆ ಹೆಚ್ಚು ಹೊತ್ತು ದೊರೆಯುತ್ತದೆ.

ಆಮೇಲೆ ಕಾಯಬೇಕು. ಸಾಮಾನ್ಯವಾಗಿ 10ರಿಂದ 15 ನಿಮಿಷ. ಆದರೆ ದ್ರಾವಣ ಒಣಗಲು ಬಿಡಬಾರದು. ಒಣಗಿದರೆ ಎದ್ದ ಕೊಳೆ ಮತ್ತೆ ಎಳೆಗೆ ಅಂಟಿಕೊಳ್ಳುತ್ತದೆ. ಬೇಸಿಗೆಯಲ್ಲಿ ಕಲಬುರಗಿ, ರಾಯಚೂರುಗಳ ಬಿಸಿಲಿಗೆ ತೇವ ಬೇಗನೆ ಆರುವುದರಿಂದ ಪಂಖ ನಿಲ್ಲಿಸಿ, ಕೋಣೆಯನ್ನು ಸಣ್ಣ ಭಾಗಗಳಾಗಿ ಮಾಡಿಕೊಂಡು ಒಂದೊಂದನ್ನೇ ಮುಗಿಸುವುದು ಒಳ್ಳೆಯದು. ಕಾಯುವ ನಡುವೆ ಮೃದುವಾದ ಕುಂಚದಿಂದ ಎಳೆಗಳ ನಡುವೆ ದ್ರಾವಣ ಇಳಿಯುವಂತೆ ಹಗುರಾಗಿ ಕೆದರಬೇಕು. ನೆಲ ತಿಕ್ಕುವ ಗಡಸು ಕುಂಚ ಎಳೆಯನ್ನು ಹಿಂಜಿ ಹಾಳುಮಾಡುತ್ತದೆ.

ಅರಿಸಿನ, ವಿಭೂತಿ, ಎಣ್ಣೆ

ನಮ್ಮ ಮನೆಗಳ ಕೊಳೆಯಲ್ಲಿ ಕೆಲವು ವಿಶೇಷಗಳಿವೆ. ಅರಿಸಿನ ಬಿದ್ದ ಕಡೆ ಕ್ಷಾರದ ದ್ರಾವಣ ತಗುಲಿದೊಡನೆ ಕಲೆ ಕೆಂಪಾಗುತ್ತದೆ. ಅರಿಸಿನಕ್ಕೆ ಸುಣ್ಣ ಸೇರಿದರೆ ಕೆಂಪಾಗುವುದೂ ಇದೇ ಕಾರಣದಿಂದಲೇ. ಕೆಲಸಗಾರ ಕಂಬಳಿ ಕೆಡಿಸಿದನೆಂದು ಗಾಬರಿಯಾಗಬೇಕಿಲ್ಲ, ಸೌಮ್ಯ ಆಮ್ಲದ ನೀರು ಆ ಕೆಂಪನ್ನು ಮತ್ತೆ ಹಳದಿಯ ಕಡೆಗೆ ತರುತ್ತದೆ. ಆದರೆ ಅರಿಸಿನವಿರುವ ಜಾಗವನ್ನು ಮನೆಯವರು ಮೊದಲೇ ತೋರಿಸುವುದು ಲೇಸು.

ಪೂಜೆಯ ಎಡೆಯಲ್ಲಿ ಚೆಲ್ಲಿದ ವಿಭೂತಿಯನ್ನು ಒದ್ದೆ ಬಟ್ಟೆಯಿಂದ ಒರೆಸಬಾರದು. ಅದು ನಯವಾದ ಪುಡಿಯಾದ್ದರಿಂದ ಒಣಗಿದ್ದಾಗಲೇ ಯಂತ್ರದಿಂದ ಎಳೆದುಬಿಡಬೇಕು. ಹಾಲು ಚೆಲ್ಲಿದ ಕಡೆ ಕುದಿಯುವ ನೀರು ಸಲ್ಲದು. ಅದರ ಪ್ರೋಟೀನು ಹೆಪ್ಪುಗಟ್ಟಿ ಕಚ್ಚಿಕೊಳ್ಳುತ್ತದೆ. ದೀಪದ ಎಣ್ಣೆ, ತುಪ್ಪಗಳಿಗೆ ದ್ರಾವಣದೊಡನೆ ತುಸು ಹೆಚ್ಚು ಹೊತ್ತು ಬೇಕು.

ಸಾಬೂನೂ ಹೊರಬರಬೇಕು

ಸಡಿಲವಾದ ಕೊಳೆಯನ್ನು ಬಿಸಿನೀರು ಚಿಮ್ಮಿಸಿ ಮರಳಿ ಎಳೆಯುವ ಯಂತ್ರದಿಂದ ತೆಗೆಯುತ್ತಾರೆ. ಉಣ್ಣೆಗೆ ಉಗುರುಬೆಚ್ಚಗಿನ ನೀರು ಸಾಕು. ನೀರು ಚಿಮ್ಮಿಸುತ್ತ ಒಮ್ಮೆ ಎಳೆದರೆ, ನೀರಿಲ್ಲದೆ ಬರಿದೇ ಇನ್ನೊಂದೆರಡು ಬಾರಿ ಎಳೆಯಬೇಕು. ಕ್ಷಾರ ಬಳಸಿದ್ದಲ್ಲಿ ಕೊನೆಯ ನೀರಿಗೆ ಸೌಮ್ಯ ಆಮ್ಲ ಬೆರೆಸಿ ಎಳೆಗಳನ್ನು ಸಮಸ್ಥಿತಿಗೆ ತರುತ್ತಾರೆ. ಆಮೇಲೆ ಕಿಟಕಿ ತೆರೆದು, ಪಂಖ ಹಾಕಿ ಆರಿಸಬೇಕು. ಒಂದು ದಿನವಾದರೂ ತೇವ ಉಳಿದರೆ ಬೂಷ್ಟು ಹಿಡಿಯುವ ಭಯವಿದೆ. ಅದು ಉಬ್ಬಸವಿರುವವರಿಗೆ ತೊಂದರೆ. ಮಲೆನಾಡಿನವರು ಮಳೆಗಾಲದಲ್ಲಿ ಈ ಕೆಲಸ ಇಟ್ಟುಕೊಳ್ಳದಿರುವುದೇ ಮೇಲು. ಪೂರ್ತಿ ಆರುವವರೆಗೆ ಮಕ್ಕಳನ್ನು ಅದರ ಮೇಲೆ ಆಡಲು ಬಿಡಬಾರದು.

ಕೈ ನಮ್ಮದಲ್ಲವೆಂದು

ಇಷ್ಟೆಲ್ಲ ಕ್ರಮದಲ್ಲಿ ನಮ್ಮ ಕಣ್ಣಿಗೆ ಬೀಳದೆ ಹೋಗುವುದು ಕೆಲಸಗಾರನ ಕೈ. ದಿನವೂ ಕ್ಷಾರದಲ್ಲಿ ಅದ್ದುವ ಬರಿಗೈಯ ಚರ್ಮ ಒಡೆಯುತ್ತದೆ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಸಿಂಪಡಿಸಿದ ಹನಿ ಅವನ ಉಸಿರಿಗೆ ಸೇರುತ್ತದೆ. ಕೈಗವಸು, ಕಣ್ಣಿಗೆ ಕನ್ನಡಕ, ತೆರೆದ ಕಿಟಕಿ ಇವು ಆಡಂಬರವಲ್ಲ, ಅಗತ್ಯ. ಒಡೆಯನು ಕೊಡದಿದ್ದರೆ ಕೈಗವಸನ್ನು ಮನೆಯವರೇ ಕೊಡಬಹುದು. ಬಿಳುಪುಕಾರಕವನ್ನು ಆಮ್ಲದೊಡನೆಯಾಗಲಿ ಅಮೋನಿಯದೊಡನೆಯಾಗಲಿ ಬೆರೆಸಿದರೆ ವಿಷಾನಿಲ ಹುಟ್ಟುತ್ತದೆ. ‘ಇದನ್ನೂ ಒಂದಿಷ್ಟು ಹಾಕಪ್ಪಾ’ ಎಂದು ಶೌಚಾಲಯದ ಬಾಟಲಿಯನ್ನು ತಂದುಕೊಡುವವರು ಇದನ್ನು ನೆನಪಿಡಬೇಕು.

ಇನ್ನೊಂದು ಮಾತು ದರದ್ದು. ‘ಸಂಜೆ ಕಾರ್ಯಕ್ರಮವಿದೆ, ಒಂದು ತಾಸಿನಲ್ಲಿ ಮುಗಿಸು’ ಎಂದು ಅವಸರಪಡಿಸಿ, ಚೌಕಾಸಿ ಮಾಡಿ ದರ ಇಳಿಸಿದಾಗ ಕೆಲಸಗಾರ ಯಾವುದನ್ನು ಬಿಡುತ್ತಾನೆ? ಯಂತ್ರ ಓಡಿಸುವುದನ್ನು ಬಿಡುವಂತಿಲ್ಲ. ಅದು ಎಲ್ಲರಿಗೂ ಕಾಣುತ್ತದೆ. ಒಣ ಧೂಳು ತೆಗೆಯುವುದನ್ನೂ ಕಾಯುವ ಆ 10–15 ನಿಮಿಷವನ್ನೂ ಬಿಡುತ್ತಾನೆ, ಏಕೆಂದರೆ ಅವು ಯಾರಿಗೂ ಕಾಣವು. ಕಂಬಳಿ ಆ ದಿನ ಹೊಳೆಯುತ್ತದೆ, ಕೊಳೆ ಬುಡದಲ್ಲಿ ಉಳಿಯುತ್ತದೆ. ತಪ್ಪು ಅವನೊಬ್ಬನದೇ ಎನ್ನಲಾಗದು. ಕಾಯಕಕ್ಕೆ ಬೇಕಾದ ಹೊತ್ತನ್ನು ನಾವೇ ಕಸಿದುಕೊಂಡಿರುತ್ತೇವೆ.

ಶರಣರು ಕಾಯಕವನ್ನು ಅಳೆದದ್ದು ಕಾಣುವ ಭಾಗದಿಂದಲ್ಲ. ನೋಡುವವರಿಲ್ಲದಾಗಲೂ ಕ್ರಮ ತಪ್ಪದಿರುವುದೇ ಕಾಯಕದ ಸತ್ಯಶುದ್ಧತೆ. ಆ ಸತ್ಯಶುದ್ಧತೆಗೆ ಅವಕಾಶ ಮಾಡಿಕೊಡುವುದು ಮಾಡಿಸುವವರ ಹೊಣೆ. ಆದ್ದರಿಂದ ಮುಂದಿನ ಬಾರಿ ಮನೆಗೋ ಮಠಕ್ಕೋ ರತ್ನಗಂಬಳಿ ತೊಳೆಯುವವರು ಬಂದಾಗ, ಕಾರ್ಯಕ್ರಮದ ಹಿಂದಿನ ದಿನವೇ ಕರೆಯಿಸೋಣ. ನೂಲು ಯಾವುದೆಂದು ಹೇಳಿ, ಕಲೆಗಳನ್ನು ತೋರಿಸಿ, ಕಿಟಕಿ ತೆರೆದಿಡೋಣ. ದ್ರಾವಣ ಸಿಂಪಡಿಸಿ ಅವರು ಸುಮ್ಮನೆ ಕುಳಿತರೆ ‘ಏಕೆ ಕುಳಿತಿರಿ?’ ಎನ್ನದೆ ಒಂದು ಲೋಟ ಮಜ್ಜಿಗೆ ಕೊಡೋಣ. ಆ ಹೊತ್ತಿನಲ್ಲಿ ಅವರ ಕಾಯಕ ನಿಂತಿರುವುದಿಲ್ಲ, ಕಂಬಳಿಯ ಬುಡದಲ್ಲಿ ನಡೆಯುತ್ತಲೇ ಇರುತ್ತದೆ.