ಯಮನೂರಿನ ಬೆಣ್ಣೆಹಳ್ಳ, ಯಾಕೋಬನ ಬಾವಿ: ನೀರಿಗೆ ‘ಜೀವಜಲ’ ಅನ್ನೋದು ಯಾಕ?

ನವಲಗುಂದ: ಹೋಳಿ ಹುಣ್ಣಿಮೆ ಮುಗಿತಿದ್ದಂಗ ತಾಲೂಕಿನ ಯಮನೂರಿಗೆ ಜನ ಬರತೊಡಗುತ್ತಾರೆ. ಹಿಂದೂಗಳಿಗೆ ಚಾಂಗದೇವ, ಮುಸ್ಲಿಮರಿಗೆ ರಾಜಾಬಾಗಸವಾರ. ಬಾಗಸವಾರ ಅಂದ್ರೆ ಹುಲಿ ಏರಿದವನು. ಗುಡಿ ಒಂದೇ, ಜಾತ್ರೆ ಒಂದೇ, ಮೀಯುವ ಹಳ್ಳವೂ ಒಂದೇ. ಬೆಣ್ಣೆಹಳ್ಳದಾಗ ಮಿಂದ್ರೆ ಚರ್ಮದ ಬೇನೆ ಹೋಗತೈತಿ ಅನ್ನೋದು ಭಕ್ತರ ನಂಬಿಕೆ. ಇಲ್ಲಿ ಎಣ್ಣೆಯ ಬದಲು ಹಳ್ಳದ ನೀರಿನಿಂದ ದೀಪ ಉರಿಯಿತು ಅನ್ನೋ ಮಾತೂ ಹಳೆಯದು.

ನೀರಿನಲ್ಲಿ ದೇವರ ಕೃಪೆ ಕಾಣುವುದು ನಮ್ಮ ಕಡೆ ಕ್ರೈಸ್ತರಲ್ಲೂ ಉಂಟು. ಬಾಸೆಲ್ ಮಿಶನ್ 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂದಿತು. ಪ್ರೊಟೆಸ್ಟೆಂಟರು ದೀಕ್ಷಾಸ್ನಾನ ಅನ್ನುವುದನ್ನೇ ಕ್ಯಾಥೊಲಿಕರು ಜ್ಞಾನಸ್ನಾನ ಅಂತಾರೆ. ಹಳೆಯ ಬದುಕು ತೊಳೆದು ಹೋಯಿತು, ಹೊಸದು ಶುರುವಾಯಿತು ಅನ್ನೋದಕ್ಕೆ ಆ ನೀರು ಗುರುತು. ಅದು ಗಳಿಸಿದ್ದಲ್ಲ, ಪುಕ್ಕಟೆ ಸಿಕ್ಕಿದ್ದು. ಕೃಪೆ ಅಂದ್ರೆ ಅದೇ.

ಇದರ ಬೇರು ಯೋಹಾನನ ಸುವಾರ್ತೆಯ 4ನೇ ಅಧ್ಯಾಯದಲ್ಲಿದೆ. ಮಧ್ಯಾಹ್ನದ ಬಿಸಿಲು. ಯಾಕೋಬನ ಬಾವಿಯ ಹತ್ತಿರ ದಣಿದು ಕೂತ ಯೇಸು, ನೀರಿಗೆ ಬಂದ ಸಮಾರ್ಯದ ಹೆಣ್ಣುಮಗಳಿಗೆ ಕುಡಿಯಲು ನೀರು ಕೇಳುತ್ತಾನೆ. ಅವಳು ಬೆರಗಾಗುತ್ತಾಳೆ, ಯಾಕಂದ್ರೆ ಯೆಹೂದ್ಯರು ಸಮಾರ್ಯದವರ ಜೊತೆ ಬಳಕೆ ಇಟ್ಟುಕೊಳ್ಳುತ್ತಿರಲಿಲ್ಲ. ಬಾವಿ, ಕೊಡ, ಮಡಿ ಮೈಲಿಗೆಯ ಈ ತಕರಾರು ನಮ್ಮೂರುಗಳಿಗೆ ಹೊಸದೇನಲ್ಲ. ಅಲ್ಲಿ ನೀರು ಕೇಳಿದವನೇ ಕೊನೆಗೆ ಜೀವಜಲ ಕೊಡುವವನಾಗುತ್ತಾನೆ. ಅವಳು ಕೊಡ ಅಲ್ಲೇ ಬಿಟ್ಟು ಊರಿಗೆ ಸುದ್ದಿ ಹೇಳಲು ಓಡುತ್ತಾಳೆ.

ಇನ್ನೊಂದು ಮಾತು. ಹೀಬ್ರೂ ಭಾಷೆಯಲ್ಲಿ ‘ಜೀವವುಳ್ಳ ನೀರು’ ಅಂದ್ರೆ ಮೊದಲ ಅರ್ಥ ಹರಿಯುವ ನೀರು, ಊಟೆಯ ನೀರು. ನಿಂತದ್ದಲ್ಲ. ಆರಂಭದ ಕ್ರೈಸ್ತರು ಸಾಧ್ಯವಾದರೆ ಹರಿಯುವ ನೀರಿನಲ್ಲೇ ದೀಕ್ಷೆ ಕೊಡಬೇಕು ಅಂತ ಬರೆದಿಟ್ಟಿದ್ದಾರೆ.

ನವಲಗುಂದದಲ್ಲಿ ಲೆಕ್ಕ ತಿರುಗಾಮುರುಗಾ. ಇಲ್ಲಿ ಜೀವ ಉಳಿಸಿದ್ದು ಊರ ಕೆರೆಯ ನಿಂತ ನೀರು, ಅದೂ ಮಲಪ್ರಭೆಯ ಕಾಲುವೆ ಬಿಟ್ಟಾಗ ತುಂಬಿದ್ದು. ಅನೇಕ ಊರುಗಳಲ್ಲಿ ಬೋರ್ ಕೊರೆದರೆ ಉಪ್ಪು ನೀರು. 2016ರ ಜುಲೈ 27ರಂದು ಮಹದಾಯಿ ನ್ಯಾಯಮಂಡಳಿ 7.56 ಟಿಎಂಸಿ ನೀರಿನ ಮಧ್ಯಂತರ ಬೇಡಿಕೆ ತಳ್ಳಿಹಾಕಿದಾಗ ಇಡೀ ತಾಲೂಕು ಬೀದಿಗಿಳಿಯಿತು. ಯಮನೂರಿನ ಮನೆಗಳವರೆಗೂ ಬಂದ ಪೊಲೀಸ್ ಲಾಠಿ ರಾಜ್ಯಕ್ಕೆಲ್ಲ ಸುದ್ದಿಯಾಯಿತು. ಕೃಪೆ ಪುಕ್ಕಟೆ ಇರಬಹುದು, ನೀರಿಗೆ ಮಾತ್ರ ಹೊಡೆತ ತಿನ್ನಬೇಕಾಯಿತು.

ಹರಿಯುವ ಬೆಣ್ಣೆಹಳ್ಳದ್ದೇ ಚಿಂತೆ. ಶಿಗ್ಗಾವಿ ಕಡೆಯಿಂದ ಹೊರಟು, ಕುಂದಗೋಳ, ಹುಬ್ಬಳ್ಳಿ ತಾಲೂಕು ದಾಟಿ, ಮುಂದೆ ಮಲಪ್ರಭೆ ಸೇರುವ ಹಳ್ಳ ಇದು. ಮಳೆಗಾಲದಾಗ ಉಕ್ಕಿ ಹೊಲ ನುಂಗತೈತಿ. ಜಾತ್ರೆಯ ಬೇಸಿಗೆಯಲ್ಲಿ ಮಳೆನೀರಿನ ಸೆಳವು ಇರೋದಿಲ್ಲ, ಹುಬ್ಬಳ್ಳಿಯ ಕೊಳಚೆ ಮಾತ್ರ ನಿಲ್ಲೋದಿಲ್ಲ. ಬೇನೆ ಹೋಗಲಿ ಅಂತ ಹಸಿ ಗಾಯ ಇಟ್ಟುಕೊಂಡು ಇಳಿಯುವವರಿಗೆ ಹೊಸ ಸೋಂಕು ತಗಲುವ ಭಯ ಇದೆ. ಚರ್ಚಿನಲ್ಲಿ ಕ್ರಮ ನಡೆಸಲು ನಾಲ್ಕು ಹನಿ ಶುದ್ಧ ನೀರು ಸಾಕು. ಇಲ್ಲಿ ಒಂದು ಹಳ್ಳವೇ ಶುದ್ಧವಾಗಬೇಕು, ಮತ್ತು ಅದರ ಕೆಲಸ ಇರೋದು ಯಮನೂರಿನಲ್ಲಿ ಅಲ್ಲ, ಮೇಲಿನ ಹುಬ್ಬಳ್ಳಿಯ ಗಟಾರುಗಳಲ್ಲಿ.