ಸಸಿಗಿಂತ ಮೊದಲು ನೀರು

ವಿಕ್ರೋಳಿ ಪೂರ್ವದಲ್ಲಿ ಹೈವೇ ದಾಟಿದರೆ ಥಾಣೆ ಖಾಡಿಯವರೆಗೂ ಕಾಂಡ್ಲಾ ಕಾಡು. ಇಲ್ಲಿನವರು ಅದನ್ನು ತಿವರ ಎನ್ನುತ್ತಾರೆ. ನಾನು ಕುಮಟಾ ಕಡೆಯವನು. ಮುಂಬಯಿಗೆ ಬಂದ ಮೊದಲ ವಾರ ಆ ಕೆಸರಿನ ವಾಸನೆ ಮೂಗಿಗೆ ಬಡಿದಾಗ ಅಘನಾಶಿನಿಯ ದಡದಲ್ಲೇ ಇದ್ದೇನೇನೋ ಅನ್ನಿಸಿತ್ತು.

ಹೊಟ್ಟೆಪಾಡಿಗೆ ನಾನು ಮಾಡುವುದೂ ಕಾಡಿನ ಕೆಲಸವೇ. ಹಾಳಾದ ಕಾಡನ್ನು ಮತ್ತೆ ಬೆಳೆಸುವ ಯೋಜನೆಗಳಿಗೆ ನಕ್ಷೆ ತಯಾರಿಸುತ್ತೇನೆ. ಕೆಲವು ವರ್ಷಗಳ ಹಿಂದೆ ಖಾಡಿಯಂಚಿನ ಒಂದು ಬಯಲಿಗೆ ನಕ್ಷೆ ಮಾಡಿಕೊಟ್ಟೆ. ಉಪಗ್ರಹ ಚಿತ್ರದಲ್ಲಿ ಅದು ಖಾಲಿ ಜಾಗ. ಖಾಲಿ ಕಂಡಲ್ಲಿ ಚೌಕ ಎಳೆದು, ಇಷ್ಟು ಸಸಿ ಎಂದು ಬರೆದೆ. ಮಳೆಗಾಲದಲ್ಲಿ ನೆಟ್ಟರು, ಫೋಟೊ ತೆಗೆದರು. ಮುಂದಿನ ಬೇಸಿಗೆಯಲ್ಲಿ ಹೋಗಿ ನೋಡಿದರೆ ಒಣಗಿದ ಕಡ್ಡಿಗಳು, ನೆಲದ ಮೇಲೆ ಬಿಳಿ ಉಪ್ಪಿನ ಪದರ.

ಊರಿಗೆ ಹೋದಾಗ ಅಪ್ಪನಿಗೆ ಹೇಳಿದೆ.

"ಭರತಿ ನೀರು ಅಲ್ಲಿಗೆ ಬರ್ತದೋ?" ಎಂದರು.

"ನೋಡಿಲ್ಲ."

"ನೀರು ನೋಡದೇ ಗಿಡ ನೆಟ್ರಾ?"

ಅಪ್ಪ ಗಜನಿ ಭೂಮಿಯಲ್ಲಿ ಕಗ್ಗ ಭತ್ತ ಬೆಳೆದವರು. ಹುಣ್ಣಿಮೆ, ಅಮಾವಾಸ್ಯೆಗೆ ನೀರು ಎಲ್ಲಿಯವರೆಗೆ ಏರುತ್ತದೆ ಎಂಬ ಲೆಕ್ಕದ ಮೇಲೆ ಕಟ್ಟೆ ಹಾಕಿದವರು. ಕಟ್ಟೆ ಒಡೆದ ನಮ್ಮದೊಂದು ಗದ್ದೆಯಲ್ಲಿ ಯಾರೂ ನೆಡದೆ ಕಾಂಡ್ಲಾ ಎದ್ದು ನಿಂತಿದೆ. ಬೀಜ ತಂದದ್ದೂ ನೀರೇ.

ಮರಳಿ ಬಂದು ಆ ಬಯಲನ್ನು ಉಬ್ಬರದ ಹೊತ್ತಿನಲ್ಲಿ ನೋಡಿದೆ. ಯಾವಾಗಲೋ ಮಣ್ಣು ಸುರಿದು ಮಾಡಿದ ದಾರಿಯೊಂದು ಸಣ್ಣ ಕಾಲುವೆಯ ಬಾಯಿ ಮುಚ್ಚಿತ್ತು. ನೀರು ಅಲ್ಲೇ ನಿಂತು ವಾಪಸಾಗುತ್ತಿತ್ತು.

ಕಾಂಡ್ಲಾಕ್ಕೆ ಬೇಕಾದದ್ದು ಉಬ್ಬರ ಇಳಿತದ ನಡುವಿನ ಒಂದು ಪಟ್ಟಿ. ನೆಲ ತೀರಾ ತಗ್ಗಾದರೆ ಸಸಿ ಮುಳುಗಿ ಸಾಯುತ್ತದೆ. ಫಿಲಿಪ್ಪೀನ್ಸ್‌ನಲ್ಲಿ ಇಂಥ ತಗ್ಗಿನಲ್ಲಿ ನೆಟ್ಟ ಸಸಿಗಳು ದೊಡ್ಡ ಪ್ರಮಾಣದಲ್ಲಿ ಸತ್ತವು. ನೆಲ ತೀರಾ ಎತ್ತರವಾದರೆ ಬಿಸಿಲಿಗೆ ಉಪ್ಪು ಕಟ್ಟುತ್ತದೆ. ಫ್ಲೋರಿಡಾದ ರಾಬಿನ್ ಲೂಯಿಸ್ ಎಂಬ ತಜ್ಞರು ಇದನ್ನೇ ಒಂದು ಕ್ರಮವಾಗಿ ಕಲಿಸಿದರು. ಕಾಡು ಏಕೆ ಹೋಯಿತು ಎಂದು ಮೊದಲು ಹುಡುಕಿ, ನೀರಿನ ದಾರಿ ಸರಿಪಡಿಸಿ, ಬೀಜ ತಾನಾಗಿ ಬರುತ್ತದೆಯೇ ಎಂದು ಕಾಯಿರಿ. ಬಾರದಿದ್ದರಷ್ಟೇ ನೆಡಿ. ನನ್ನ ನಕ್ಷೆ ಕೊನೆಯ ಮೆಟ್ಟಿಲಿನಿಂದ ಶುರುವಾಗಿತ್ತು.

ಈ ಮಾತು ಇಂದು ಮುಂಬಯಿಗೆ ಮುಖ್ಯ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿದು ನಗರ ಮುಳುಗಿತು. ಅದೇ ಅಕ್ಟೋಬರ್‌ನಲ್ಲಿ ಬಾಂಬೆ ಹೈಕೋರ್ಟ್ ರಾಜ್ಯದಾದ್ಯಂತ ಕಾಂಡ್ಲಾ ನಾಶಕ್ಕೆ ತಡೆ ಹಾಕಿತು. 2012ರಲ್ಲಿ ಅರಣ್ಯ ಇಲಾಖೆಯಲ್ಲಿ ಮ್ಯಾಂಗ್ರೋವ್ ಸೆಲ್ ಹುಟ್ಟಿತು. 2022ರಲ್ಲಿ ಥಾಣೆ ಖಾಡಿ ರಾಮ್ಸರ್ ಪಟ್ಟಿ ಸೇರಿತು. 2024ರಲ್ಲಿ ನಮ್ಮ ಅಘನಾಶಿನಿಯೂ. ಆದರೆ 2022ರ ಡಿಸೆಂಬರ್‌ನಲ್ಲಿ ಬುಲೆಟ್ ರೈಲಿಗಾಗಿ ಸುಮಾರು 20 ಸಾವಿರ ಕಾಂಡ್ಲಾ ಕಡಿಯಲು ಅದೇ ನ್ಯಾಯಾಲಯ ಅನುಮತಿಯನ್ನೂ ಕೊಟ್ಟಿತು. ಕಡಿದದ್ದಕ್ಕೆ ಬದಲಿ ನೆಡುತ್ತೇವೆ ಎನ್ನುವುದು ಇಂಥ ಎಲ್ಲ ಕಡೆಯ ಉತ್ತರ. ಬದಲಿ ಕಾಡು ಸಸಿಯ ಲೆಕ್ಕದಲ್ಲಷ್ಟೇ ಇದ್ದರೆ, ಅದು ನನ್ನ ಹಳೆಯ ನಕ್ಷೆಯಂತೆಯೇ.

ನೀರು ಬಿಡುವ ಮೊದಲು ಕೇಳಬೇಕಾದ ಇನ್ನೊಂದು ಮಾತಿದೆ. ನಮ್ಮ ಗದ್ದೆಯಲ್ಲಿ ಕಾಡು ಬಂತು, ಭತ್ತ ಹೋಯಿತು. ಆ ಸಂಕಟ ಅಪ್ಪನಿಗೆ ಇಂದಿಗೂ ಇದೆ. ಹಾಗಾಗಿ ಖಾಡಿಯಲ್ಲಿ ಮೀನು, ಏಡಿ ಹಿಡಿಯುವ ಕೋಳಿಗಳನ್ನು ವಿಚಾರಿಸದೆ ಈಗ ನಾನು ಗೆರೆ ಎಳೆಯುವುದಿಲ್ಲ.

ಮೊನ್ನೆ ಹೊಸ ಯೋಜನೆಯೊಂದರ ಕರಡು ಕೊಟ್ಟೆ. ಮೊದಲ ವರ್ಷದ ಕೆಲಸ: ಕಾಲುವೆ ತೆರೆಯುವುದು, ನೀರಿನ ಮಟ್ಟ ಅಳೆಯುವುದು. ನೆಡುವ ಸಸಿ: ಸೊನ್ನೆ. "ಈ ಸೊನ್ನೆಯನ್ನು ಹಣ ಕೊಡುವವರಿಗೆ ಹೇಗೆ ತೋರಿಸೋದು?" ಎಂದು ಮೇಲಿನವರು ಕೇಳಿದ್ದಾರೆ.

ಒಮ್ಮೆ ಉಬ್ಬರದ ಹೊತ್ತಿಗೆ ಅವರನ್ನೂ ಕರೆದುಕೊಂಡು ಹೋಗಬೇಕೆಂದಿದ್ದೇನೆ.