ಹಾಳುಬಿದ್ದ ಪಾರ್ಕಿಗೂ ನಿಮ್ಮ ಆರೋಗ್ಯಕ್ಕೂ ಏನು ನಂಟು?

ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡ ಇರುವವರಿಗೆಲ್ಲ ವೈದ್ಯರು ತಪ್ಪದೆ ಹೇಳುವ ಮಾತು, ದಿನಾ ನಡೆಯಿರಿ ಎಂಬುದು. ವಾರಕ್ಕೆ ಕನಿಷ್ಠ 150 ನಿಮಿಷಗಳ ಚುರುಕಾದ ನಡಿಗೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಆದರೆ ನಡೆಯುವುದೆಲ್ಲಿ? ಕುಂದಾಪುರ, ಬೈಂದೂರು, ಬ್ರಹ್ಮಾವರ ಮೂರೂ ಕಡೆ ರಾಷ್ಟ್ರೀಯ ಹೆದ್ದಾರಿ 66 ಪೇಟೆಯನ್ನು ಹಾದುಹೋಗುತ್ತದೆ. ಬೆಳಗಿನ ಮಬ್ಬಿನಲ್ಲಿ ಅದರ ಅಂಚು ಹಿಡಿದು ನಡೆಯುವುದು ಆರೋಗ್ಯಕ್ಕೆ ಹೇಳಿಸಿದ್ದಲ್ಲ. ಕೋಡಿ, ಸೋಮೇಶ್ವರದ ಕಡಲತೀರ ಚೆನ್ನ, ನಿಜ. ಆದರೆ ಮಂಡಿ ನೋವಿನವರಿಗೆ ಹೊಯಿಗೆಯ ಮೇಲಿನ ನಡಿಗೆ ಕಷ್ಟ. ಹಾಗಾಗಿ ಮನೆಯ ಹತ್ತಿರದ ಸಣ್ಣ ಪಾರ್ಕೇ ಗತಿ. ಅದು ಪೊದೆ ಬೆಳೆದು ಬೀಗ ಹಾಕಿಸಿಕೊಂಡಿದ್ದರೆ?

ಹಾಳುಬಿದ್ದ ಪಾರ್ಕು ಬರೀ ನಿರುಪಯೋಗಿಯಲ್ಲ, ಅದು ರೋಗದ ತವರು. ಎಸೆದ ಬೊಂಡದ ಚಿಪ್ಪು, ಪ್ಲಾಸ್ಟಿಕ್ ಲೋಟ, ಕೆಟ್ಟುನಿಂತ ಕಾರಂಜಿಯ ತೊಟ್ಟಿ ಇವುಗಳಲ್ಲಿ ನಿಂತ ಮಳೆನೀರಿನಲ್ಲಿ ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುತ್ತದೆ. ಮೊಟ್ಟೆಯಿಂದ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ವಾರಕ್ಕೊಮ್ಮೆ ನೀರು ಚೆಲ್ಲಬೇಕೆನ್ನುವುದು ಈ ಲೆಕ್ಕದಿಂದಲೇ. ಈ ಸೊಳ್ಳೆ ಕಚ್ಚುವುದು ಹಗಲಿನಲ್ಲಿ; ಹೆಚ್ಚು ದೂರ ಹಾರುವುದೂ ಇಲ್ಲ. ಮೊದಲ ಪೆಟ್ಟು ಪಾರ್ಕಿನ ಪಕ್ಕದ ಮನೆಗಳಿಗೇ.

ಇನ್ನೊಂದು ಇಲಿ ಜ್ವರ. ಕಸವಿದ್ದಲ್ಲಿ ಇಲಿ ಸೇರುತ್ತದೆ. ಅದರ ಮೂತ್ರ ಬೆರೆತ ನೀರು, ಕೆಸರಿನಿಂದ ರೋಗಾಣು ಕಾಲಿನ ಸಣ್ಣ ಗಾಯದ ಮೂಲಕ ದೇಹ ಹೊಗುತ್ತದೆ. ಆದ್ದರಿಂದ ಶ್ರಮದಾನಕ್ಕೆ ಹೊರಟವರು ಬರಿಗಾಲಲ್ಲಿ ಇಳಿಯಬೇಡಿ. ಗಂಬೂಟು, ಕೈಗವಸು ಇರಲಿ. ಎರಡು ದಿನದಿಂದ ನಾಲ್ಕು ವಾರದೊಳಗೆ ಜ್ವರ, ಮೈಕೈ ನೋವು, ಕಣ್ಣು ಕೆಂಪಾಗುವುದು ಕಂಡರೆ, ಪಾರ್ಕಿನ ಕೆಸರಿನಲ್ಲಿ ಕೆಲಸ ಮಾಡಿದ್ದನ್ನು ವೈದ್ಯರಿಗೆ ಮರೆಯದೆ ಹೇಳಿ.

ಕಸ ತೆಗೆದರಷ್ಟೇ ಸಾಲದು ಎಂಬುದಕ್ಕೆ ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಪುರಾವೆ ಸಿಕ್ಕಿದೆ. ಅಲ್ಲಿ 541 ಪಾಳು ನಿವೇಶನಗಳನ್ನು ಆರಿಸಿ, ಕೆಲವನ್ನು ಶುಚಿಗೊಳಿಸಿ ಹುಲ್ಲು, ಮರ ನೆಟ್ಟರು. ಕೆಲವೆಡೆ ಕಸ ಮಾತ್ರ ತೆಗೆದರು. ಉಳಿದವನ್ನು ಹಾಗೇ ಬಿಟ್ಟರು. 2018ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಹಸಿರು ಮಾಡಿದ ಜಾಗಗಳ ಸುತ್ತಲಿನವರಲ್ಲಿ ಮನಸ್ಸು ಕುಗ್ಗಿದೆ ಎನ್ನುವವರ ಪ್ರಮಾಣ ಶೇಕಡಾ 40ಕ್ಕಿಂತ ಹೆಚ್ಚು ಇಳಿದಿತ್ತು. ಕಸ ಮಾತ್ರ ತೆಗೆದಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ.

ನಮ್ಮ ಕರಾವಳಿಯಲ್ಲಿ ಪಾರ್ಕು ಸೋಲುವುದು ಮಳೆಗಾಲದಲ್ಲಿ. ನುಣುಪು ಹಾಸುಗಲ್ಲು ಹಾಕಿದ ದಾರಿ ಜೂನ್ ಮುಗಿಯುವುದರೊಳಗೆ ಪಾಚಿ ಕಟ್ಟುತ್ತದೆ. ಅರವತ್ತು ದಾಟಿದವರು ಒಮ್ಮೆ ಜಾರಿ ಸೊಂಟದ ಎಲುಬು ಮುರಿದುಕೊಂಡರೆ ಮತ್ತೆ ಮೊದಲಿನಂತೆ ನಡೆಯುವುದು ಅನೇಕರಿಗೆ ಆಗುವುದಿಲ್ಲ. ಒರಟು ಮೈಯ ದಾರಿ, ಇಬ್ಬರು ಜೊತೆಯಾಗಿ ಹೋಗುವಷ್ಟು ಅಗಲ, ಎರಡೂ ಬದಿಗೆ ನೀರು ಹರಿಯುವ ಚರಂಡಿ, ವಾರಕ್ಕೊಮ್ಮೆ ಗಟ್ಟಿ ಪೊರಕೆಯಿಂದ ಉಜ್ಜುವ ಒಬ್ಬ ಆಳು: ಇಷ್ಟಿದ್ದರೆ ಅರ್ಧ ಗೆದ್ದಂತೆ. ಮರಗಳಿಗೆ ಉಪ್ಪುಗಾಳಿ ತಾಳುವ ಸುರಹೊನ್ನೆ, ಹೊಂಗೆ ಆಗಬಹುದು. ಕಬ್ಬಿಣದ ವ್ಯಾಯಾಮ ಸಲಕರಣೆ ತಂದು ಉದ್ಘಾಟನೆಯ ಫೋಟೊ ತೆಗೆಸಿಕೊಳ್ಳುವುದು ಈಗಿನ ಶೋಕಿ. ಕಡಲ ಗಾಳಿಗೆ ಅದು ಬೇಗ ತುಕ್ಕು ಹಿಡಿಯುತ್ತದೆ. ಆ ಹಣದಲ್ಲಿ ಐವತ್ತು ಹೆಜ್ಜೆಗೊಂದು ಬೆಂಚು, ಸಾಕಷ್ಟು ದೀಪ, ನೀರಿರುವ ಶೌಚಾಲಯ ಮಾಡಿಸುವುದು ಮೇಲು. ಇವಿಲ್ಲದ ಪಾರ್ಕಿಗೆ ಸಂಜೆ ಹೆಂಗಸರು ಕಾಲಿಡುವುದಿಲ್ಲ. ಅವರು ಬಾರದ ಜಾಗ ಕುಡಿಯುವವರ ಪಾಲಾಗುತ್ತದೆ.

ಜನ ಬರಲು ನೆಪವೂ ಬೇಕು. ಕೋಟದಲ್ಲಿ ಶಿವರಾಮ ಕಾರಂತರ ಹೆಸರಿನ ಥೀಮ್ ಪಾರ್ಕಿನಲ್ಲಿ ಸಾಂಸ್ಕೃತಿಕ ಕಾರ್ಯಕ್ರಮಗಳು ನಡೆಯುವುದನ್ನು ನೀವು ನೋಡಿರಬಹುದು. ನಿಮ್ಮ ಪಾರ್ಕಿನಲ್ಲಿ ತಿಂಗಳಿಗೊಮ್ಮೆ ಮಕ್ಕಳ ಆಟ, ರಕ್ತದೊತ್ತಡ ತಪಾಸಣೆ ಇಟ್ಟರೂ ಆಯಿತು.

ಉದ್ಯಾನ, ಆಟದ ಮೈದಾನಗಳ ರಕ್ಷಣೆಗೆಂದೇ ಕರ್ನಾಟಕದಲ್ಲಿ 1985ರ ಕಾಯಿದೆಯಿದೆ. ಪುರಸಭೆಗೋ ಪಂಚಾಯಿತಿಗೋ ನಾಲ್ಕಾರು ಮನೆಯವರು ಸೇರಿ ಸಹಿ ಹಾಕಿದ ಅರ್ಜಿ ಕೊಡಿ. ಹಿಂಬರಹ ಪಡೆಯಿರಿ. ಕೇಳಬೇಕಾದ ಪ್ರಶ್ನೆಗಳಲ್ಲಿ ಮೊದಲನೆಯದು: ಗೇಟಿನ ಬೀಗದ ಕೈ ಯಾರ ಬಳಿ ಇದೆ, ಬೆಳಿಗ್ಗೆ ಐದೂವರೆಗೆ ಅದನ್ನು ತೆರೆಯುವವರು ಯಾರು?